ತಾರೆಯನ್ನು ಬೇಡುವ ಪಾತ್ರ

ಹಳೆಯ ಸಂಗೀತ ನಾಟಕವೊಂದನ್ನು ಮತ್ತೆ ರಂಗಕ್ಕೆ ತರುವಾಗ ಬ್ರಾಡ್‌ವೇ ನಿರ್ಮಾಪಕರು ದೊಡ್ಡ ಹೆಸರೊಂದನ್ನು ಹುಡುಕುವುದು ವಾಡಿಕೆ. ಟಿಕೆಟ್ ಮಾರಲು ಅದು ಸಲೀಸು ದಾರಿ. ಅಷ್ಟಕ್ಕೇ ಅದನ್ನು ಕಲೆಗೆ ಬಗೆದ ದ್ರೋಹವೆಂದು ತಳ್ಳಿಹಾಕುವುದು ನನಗೆ ಒಪ್ಪಿತವಿಲ್ಲ. ನಾಟಕವೇ ತಾರೆಯನ್ನು ಬೇಡುತ್ತದೆಯೇ ಎಂದು ಮೊದಲು ಕೇಳಬೇಕು. ಬೇಡುತ್ತದೆ ಎನ್ನುವುದಕ್ಕೆ 2017ರಲ್ಲಿ ಶೂಬರ್ಟ್ ಥಿಯೇಟರಿನಲ್ಲಿ ಬೆಟ್ ಮಿಡ್ಲರ್ ಅಭಿನಯಿಸಿದ ‘ಹಲೋ, ಡಾಲಿ!’ಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಜೆರ್ರಿ ಹರ್ಮನ್ ಸಂಗೀತ, ಮೈಕೆಲ್ ಸ್ಟುವರ್ಟ್ ರಂಗಪಠ್ಯದ ಈ ನಾಟಕ 1964ರಲ್ಲಿ ಮೊದಲು ತೆರೆಕಂಡಿತು. ಊರವರಿಗೆಲ್ಲ ಸಂಬಂಧ ಕುದುರಿಸುವ ವಿಧವೆ ಡಾಲಿ, ತೀರಿಹೋದ ಗಂಡ ಎಫ್ರೇಮನ ಒಪ್ಪಿಗೆ ಬೇಡುತ್ತಾ ಮತ್ತೆ ಬದುಕಿಗೆ ಮರಳುವ ಕಥೆ ಇದು. ಎರಡನೆಯ ಅಂಕದಲ್ಲಿ, ತಾನು ಹಿಂದೆ ಬರುತ್ತಿದ್ದ ಹಾರ್ಮೋನಿಯಾ ಗಾರ್ಡನ್ಸ್ ಹೋಟೆಲಿನ ಮೆಟ್ಟಿಲುಗಳನ್ನು ಅವಳು ಇಳಿದು ಬರುತ್ತಾಳೆ. ಮಾಣಿಗಳೆಲ್ಲ ಸಾಲುಗಟ್ಟಿ ಹಾಡುತ್ತಾ ಅವಳನ್ನು ಎದುರುಗೊಳ್ಳುತ್ತಾರೆ. ಅಲ್ಲಿ ಅವಳು ಇಷ್ಟು ಬೇಕಾದವಳೇಕೆ ಎಂಬುದನ್ನು ನಾಟಕ ಹೆಚ್ಚು ವಿವರಿಸುವುದಿಲ್ಲ. ಆ ಕೊರತೆಯನ್ನು ತುಂಬುವುದು ನಟಿಯ ಮೇಲೆ ಪ್ರೇಕ್ಷಕರು ಮೊದಲೇ ಇಟ್ಟಿರುವ ಪ್ರೀತಿ.

ಮೂಲ ಪ್ರಯೋಗದ ನಿರ್ಮಾಪಕ ಡೇವಿಡ್ ಮೆರಿಕ್ ಇದನ್ನು ಚೆನ್ನಾಗಿ ಅರಿತಿದ್ದ. ಮೊದಲ ಡಾಲಿ ಕೆರೊಲ್ ಚಾನಿಂಗ್ ಬಿಟ್ಟುಹೋದ ಮೇಲೆ ಜಿಂಜರ್ ರೋಜರ್ಸ್, ಬೆಟ್ಟಿ ಗ್ರೇಬಲ್, ಪರ್ಲ್ ಬೈಲಿ ಮೊದಲಾದ ಖ್ಯಾತನಾಮರನ್ನು ಒಬ್ಬರ ನಂತರ ಒಬ್ಬರಂತೆ ಕರೆತಂದ. 1970ರಲ್ಲಿ ಎಥೆಲ್ ಮರ್ಮನ್ ಬಂದಾಗ, ಮೊದಲು ಆಕೆಗೆಂದೇ ರಚಿಸಿ ಕೈಬಿಟ್ಟಿದ್ದ ಎರಡು ಹಾಡುಗಳು ನಾಟಕಕ್ಕೆ ಮರಳಿದವು.

ಮಿಡ್ಲರ್ ಆ ಸಾಲಿಗೆ ಸಹಜವಾಗಿ ಸೇರಿದರು. 1960ರ ದಶಕದ ಕೊನೆಯಲ್ಲಿ ‘ಫಿಡ್ಲರ್ ಆನ್ ದ ರೂಫ್’ನಲ್ಲಿ ನಟಿಸಿದ್ದ ಅವರು ಮುಂದೆ ಕಛೇರಿಗಳಲ್ಲಿ, ಸಿನಿಮಾಗಳಲ್ಲಿ ಹೆಸರಾದವರು. ಎಪ್ಪತ್ತೊಂದರ ವಯಸ್ಸಿನಲ್ಲಿ ಆ ಮೆಟ್ಟಿಲಿಳಿದಾಗ ಡಾಲಿಯ ಮರಳುವಿಕೆ, ನಟಿಯ ಮರಳುವಿಕೆ ಎರಡೂ ಒಂದಾದವು. ಕಂಠದಲ್ಲಿ ಹಿಂದಿನ ಕಸುವು ಇರಲಿಲ್ಲ, ನಿಜ. ಆದರೆ ಸುತ್ತ ಗದ್ದಲವಾಗುತ್ತಿದ್ದರೂ ಮೇಜು ಬಿಡದೆ ಊಟ ಮುಂದುವರಿಸುವ ಪ್ರಸಂಗದಲ್ಲಿ ಮಾತಿಲ್ಲದೆಯೇ ಇಡೀ ಸಭಾಂಗಣವನ್ನು ನಗಿಸಿದ್ದು ಬರೀ ಹೆಸರಿನ ಬಲದಿಂದಲ್ಲ, ದಶಕಗಳಿಂದ ಪಳಗಿದ ಹಾಸ್ಯದ ಲಯದಿಂದ. ಅವರಿಗೆ ಬಂದ ಟೋನಿ ಪ್ರಶಸ್ತಿ ನ್ಯಾಯವಾದದ್ದೇ.

ಅದೇ 1964ರಲ್ಲಿ ತೆರೆಕಂಡ ‘ಫನ್ನಿ ಗರ್ಲ್’ನ ಸ್ವಭಾವ ಇದಕ್ಕೆ ತೀರಾ ವಿರುದ್ಧ. ಅದರ ನಾಯಕಿ ಫ್ಯಾನಿ ಬ್ರೈಸ್ ಮೊದಮೊದಲು ಯಾರಿಗೂ ಬೇಡದ ಹುಡುಗಿ. ತನ್ನ ಪ್ರತಿಭೆಯನ್ನು ನಮ್ಮ ಕಣ್ಣೆದುರೇ ಸಾಬೀತುಪಡಿಸಬೇಕು. ಬಾರ್ಬ್ರಾ ಸ್ಟ್ರೈಸೆಂಡ್ ಇಪ್ಪತ್ತೊಂದರಲ್ಲಿ ಆ ಪಾತ್ರ ಮಾಡಿದಾಗ ಹಾಡುಗಾರ್ತಿಯಾಗಿ ಹೆಸರು ಮಾಡಿದ್ದರೂ ಸಿನಿಮಾ ಇನ್ನೂ ಅವರನ್ನು ಕಂಡಿರಲಿಲ್ಲ. ಅದರ ಮರುಪ್ರಯೋಗದಲ್ಲಿ 2022ರ ಸೆಪ್ಟೆಂಬರಿನಲ್ಲಿ ಬೀನಿ ಫೆಲ್ಡ್‌ಸ್ಟೈನ್ ಅವರ ಜಾಗಕ್ಕೆ ಲಿಯಾ ಮಿಶೆಲ್ ಬಂದಾಗ ಪ್ರೇಕ್ಷಕರು ಮೊದಲ ರಾತ್ರಿಯೇ ಮತ್ತೆ ಮತ್ತೆ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮಿಶೆಲ್ ಗಾಯನ ಅದಕ್ಕೆ ತಕ್ಕದ್ದೇ ಆಗಿತ್ತು. ಆದರೂ ಗೆದ್ದು ಬಂದವಳಿಗೆ ಸಿಗುವ ಸ್ವಾಗತ ಆರಂಭದಲ್ಲೇ ಸಿಕ್ಕಿಬಿಟ್ಟರೆ, ಫ್ಯಾನಿಯ ಹೋರಾಟಕ್ಕೆ ಉಳಿಯುವ ತೂಕವೆಷ್ಟು?

ಸರಿಯಾದ ಪಾತ್ರಕ್ಕೆ ಸರಿಯಾದ ತಾರೆ ಸಿಕ್ಕಾಗಲೂ ತೆರಬೇಕಾದ ಬೆಲೆಯೊಂದಿದೆ. ಮಿಡ್ಲರ್ ನಿರ್ಗಮಿಸಿ, 2018ರ ಜನವರಿಯಲ್ಲಿ ಬರ್ನಡೆಟ್ ಪೀಟರ್ಸ್ ಬಂದರು. ಪೀಟರ್ಸ್ ಬ್ರಾಡ್‌ವೇಯ ಘನ ಕಲಾವಿದೆ. ಆದರೂ ಗಳಿಕೆ ಇಳಿಯಿತು. ಕೊನೆಗೆ ಮಿಡ್ಲರ್ ಅವರನ್ನೇ ಮರಳಿ ಕರೆಸಿ ಆಗಸ್ಟಿನಲ್ಲಿ ನಾಟಕಕ್ಕೆ ತೆರೆ ಎಳೆದರು. ಅಷ್ಟು ಸೊಗಸಾಗಿ ಕಟ್ಟಿದ ಪ್ರಯೋಗ ಒಬ್ಬರ ಮೇಲೆ ಇಷ್ಟೊಂದು ನಿಂತಿದ್ದು ನೋವಿನ ಸಂಗತಿ. ನಿರ್ದೇಶಕ ಜೆರ್ರಿ ಝಾಕ್ಸ್ ಅವರ ಶಿಸ್ತು, ಸ್ಯಾಂಟೊ ಲೊಕ್ವಾಸ್ಟೊ ಅವರ ವಸ್ತ್ರವಿನ್ಯಾಸ, ನಟ ಗ್ಯಾವಿನ್ ಕ್ರೀಲ್ ಅವರ ಲವಲವಿಕೆ, ಇವೆಲ್ಲ ಮೆಚ್ಚಬೇಕಾದವು.

ಆ ಮೆಚ್ಚುಗೆಗೆ ಅಲ್ಲೊಂದು ಅವಕಾಶವೂ ಇತ್ತು. ಮಿಡ್ಲರ್ ಬಿಡುವು ಪಡೆಯುತ್ತಿದ್ದ ಮಂಗಳವಾರದ ರಾತ್ರಿಗಳಲ್ಲಿ ಡಾಲಿಯಾಗುತ್ತಿದ್ದವರು ಎರಡು ಬಾರಿ ಟೋನಿ ಗೆದ್ದ ಡೊನಾ ಮರ್ಫಿ. ಬದಲಿ ಕಲಾವಿದೆಯೆಂದರೆ ಕಡಿಮೆಯವರೆಂಬ ಭಾವನೆಗೆ ಅವರೇ ಉತ್ತರ. ತಾರೆಯನ್ನು ಆರಿಸುವ ನಿರ್ಮಾಪಕರು ಇಂಥ ಮಂಗಳವಾರಗಳನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಬೇಕು, ಅಷ್ಟೇ ಜೋರಾಗಿ ಸಾರಬೇಕು. ತಾರೆಯಿಲ್ಲದ ರಾತ್ರಿಯೂ ಕೊಟ್ಟ ಹಣಕ್ಕೆ ಮೋಸವಾಗದಿದ್ದರೆ ಮಾತ್ರ ಆ ಮರುಪ್ರಯೋಗ ನಾಟಕಕ್ಕೆ ಸಂದ ಗೌರವ.