ಬೆರಳಗಲದ ಬ್ಯಾಂಡ್

ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲೋ, ಹಳೇ ಜೈಲು ಆವರಣದ ಫ್ರೀಡಂ ಪಾರ್ಕಿನಲ್ಲೋ ಬೆಳಗಿನ ವಾಕಿಂಗ್ ಮಾಡುವವರ ಕೈ ನೋಡಿದರೆ ಎರಡು ಪಂಗಡ: ಅಗಲ ಪರದೆಯ ಸ್ಮಾರ್ಟ್‌ವಾಚಿನವರು, ಬೆರಳಗಲದ ಫಿಟ್‌ನೆಸ್ ಬ್ಯಾಂಡಿನವರು. ನನ್ನ ಮೆಚ್ಚುಗೆ ಬ್ಯಾಂಡಿಗೇ.

ಅದನ್ನು ಬಿಚ್ಚಿ ತಿರುವಿ ನೋಡಿ. ಬೆನ್ನಲ್ಲಿ ಪುಟ್ಟ ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ನಾಡಿ ಮಿಡಿದಾಗಲೆಲ್ಲ ಮರಳಿ ಬರುವ ಬೆಳಕು ಕೊಂಚ ತಗ್ಗುತ್ತದೆ. ಆ ಏರಿಳಿತವೇ ಹೃದಯ ಬಡಿತದ ಲೆಕ್ಕ. ಹೆಜ್ಜೆ ಎಣಿಸುವುದು ಚಲನೆ ಅಳೆಯುವ ಸೆನ್ಸರ್. ಭದ್ರಾವತಿಗೆ ಬೈಕಿನಲ್ಲಿ ಹೋದರೆ ರಸ್ತೆಯ ಗುಂಡಿಗಳೂ ಒಮ್ಮೊಮ್ಮೆ ಹೆಜ್ಜೆಗಳಾಗಿಬಿಡುತ್ತವೆ!

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯೂ ವೈದ್ಯರು ಬರೆದುಕೊಟ್ಟದ್ದಲ್ಲ; 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕದ ಜೊತೆ ಹಬ್ಬಿದ್ದು.

ಬ್ಯಾಂಡನ್ನು ಒಮ್ಮೆ ಚಾರ್ಜ್ ಮಾಡಿದರೆ ಸಾಮಾನ್ಯವಾಗಿ ವಾರಕ್ಕೆ ಮೋಸವಿಲ್ಲ. ಹಗುರ, ಕಟ್ಟಿಕೊಂಡೇ ಮಲಗಬಹುದು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಗೆ ಪಾಳಿ ಕೆಲಸ ಹೊಸದಲ್ಲ. ಪಾಳಿ ಕೆಲಸದವರ ಮನೆಯಲ್ಲಿ ಮಣಿಕಟ್ಟಿನಲ್ಲೇ ಅದುರಿ ಎಬ್ಬಿಸುವ ಅಲಾರಂ ದೊಡ್ಡ ಉಪಕಾರ. ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡುವುದಿಲ್ಲ.

ಕೈಯಲ್ಲೇ ಫೋನ್ ಮಾತಾಡಬೇಕು, ಫೋನ್ ಮನೆಯಲ್ಲಿಟ್ಟು ಓಡಿದ ದಾರಿ ದಾಖಲಾಗಬೇಕು ಅನ್ನುವವರು ವಾಚ್ ಕೊಳ್ಳಲಿ. ಆದರೆ ಜಿಪಿಎಸ್ ವಾಚಿನೊಳಗೇ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ಅಗ್ಗದ ಎಷ್ಟೋ ವಾಚುಗಳು ಫೋನಿನದನ್ನೇ ನೆಚ್ಚಿರುತ್ತವೆ. ನಡಿಗೆಗೆ, ನಿದ್ದೆಗೆ ಬ್ಯಾಂಡ್ ಧಾರಾಳ ಸಾಕು. ಎದೆ ನೋವು ಬಂದಾಗ ಮಾತ್ರ ಎರಡರ ಅಂಕಿಯನ್ನೂ ನೋಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.