ದಿಗಂತಕ್ಕಿಳಿಯುವ ಕರಡಿ

ವಿಲ್‌ಫ್ರೆಡ್ ಬಕ್ ಅವರ 'ಟಿಪಿಸ್ಕಾವಿ ಕೀಸಿಕ್' (2018) ಪುಸ್ತಕವನ್ನು ಜಾನಪದ ಕಥಾಸಂಕಲನವೆಂದೇ ನಾನು ಕೈಗೆತ್ತಿಕೊಂಡದ್ದು. ಆ ವರ್ಗೀಕರಣ ತಪ್ಪೆಂದು ತಿಳಿಯಲು ತಡವಾಗಲಿಲ್ಲ. ಬಕ್ ಕೆನಡಾದ ಮ್ಯಾನಿಟೋಬಾ ಪ್ರಾಂತದ ಉತ್ತರದಲ್ಲಿರುವ ಒಪಾಸ್ಕ್ವಾಯಾಕ್ ಎಂಬ ನೆಲೆಯ ಕ್ರೀ ಜನಾಂಗದ ಹಿರಿಯರು. ಅವರು ಹೇಳುವುದು ನಕ್ಷತ್ರಗಳ ಕಥೆ.

ಕರಡಿಯ ಕಥೆಯನ್ನೇ ತೆಗೆದುಕೊಳ್ಳೋಣ. ನಮ್ಮ ಸಪ್ತರ್ಷಿಗಳು ಅವರಿಗೆ 'ಮಿಸ್ತಾ ಮಸ್ಕ್ವಾ', ಎಂದರೆ ಮಹಾಕರಡಿ. ಪ್ರಾಣಿಗಳನ್ನೆಲ್ಲ ಪೀಡಿಸುತ್ತಿದ್ದ ಅದನ್ನು ಏಳು ಹಕ್ಕಿಗಳು ಅಟ್ಟಿಸಿಕೊಂಡು ಹೋಗುತ್ತವೆ. ಆ ಹಕ್ಕಿಗಳೇ ಉತ್ತರ ಕಿರೀಟವೆಂಬ ನಕ್ಷತ್ರಪುಂಜ. ಕರಡಿಯ ರಕ್ತ ಸಿಡಿದು ರಾಬಿನ್ ಹಕ್ಕಿಯ ಎದೆ ಕೆಂಪಾಯಿತು, ಶರತ್ಕಾಲದ ಎಲೆಗಳೂ ಕೆಂಪಾದವು. ಮಕ್ಕಳ ಕಥೆಯೆಂದು ಇದನ್ನು ಬದಿಗಿಡುವಂತಿಲ್ಲ. ಅಷ್ಟು ಉತ್ತರದಲ್ಲಿ ಆ ಏಳು ಚುಕ್ಕಿಗಳು ಮುಳುಗುವುದೇ ಇಲ್ಲ. ಧ್ರುವನ ಸುತ್ತ ತಿರುಗುತ್ತ ಶರತ್ಕಾಲದ ರಾತ್ರಿಗಳಲ್ಲಿ ದಿಗಂತದ ಸಮೀಪಕ್ಕೆ ಇಳಿಯುತ್ತವೆ. ಎಲೆ ಕೆಂಪೇರುವುದೂ ಆಗಲೇ. ದಿನದ ಸುತ್ತಿನಲ್ಲಿ ಕಿರೀಟ ಕರಡಿಯ ಹಿಂದೆಯೇ ಬರುತ್ತದೆ. ಕಾಸರಗೋಡಿನ ನಮ್ಮ ಅಂಗಳದಿಂದ ನೋಡಿದರೆ ಅದೇ ಹೊತ್ತಿಗೆ ಸಪ್ತರ್ಷಿಗಳು ಮರೆಯಾಗಿರುತ್ತಾರೆ. ಕಥೆಯನ್ನು ಇಲ್ಲಿಗೆ ಹೊತ್ತು ತಂದರೆ ಅದರ ಬೆನ್ನೆಲುಬೇ ಮುರಿಯುತ್ತದೆ.

ಈ ಜ್ಞಾನ ಬಕ್ ಅವರಿಗೆ ಅಖಂಡವಾಗಿ ಬಂದ ಪಿತ್ರಾರ್ಜಿತವಲ್ಲ. ಮೂಲನಿವಾಸಿಗಳ ಅನೇಕ ಆಚರಣೆಗಳನ್ನು ಕೆನಡಾದ ಕಾನೂನು 1951ರವರೆಗೆ ನಿಷೇಧಿಸಿತ್ತು. ವಸತಿ ಶಾಲೆಗಳು ಮಕ್ಕಳನ್ನು ಮನೆಯಿಂದಲೂ ಭಾಷೆಯಿಂದಲೂ ಕಿತ್ತು ಬೇರೆ ಮಾಡಿದವು. ಚೂರುಚೂರಾಗಿ ಉಳಿದುದನ್ನು ಹಿರಿಯರಿಂದ ಕೇಳಿ ಬಕ್ ಜೋಡಿಸಿದ್ದಾರೆ. ತಮ್ಮ ಯೌವನದ ಕಷ್ಟಗಳನ್ನು ಅವರು 2021ರ ಆತ್ಮಕಥನದಲ್ಲಿ ಮರೆಮಾಚದೆ ಬರೆದಿದ್ದಾರೆ. ಎರಡನ್ನೂ ಒಟ್ಟಿಗೆ ಓದಬೇಕು. ಆಗಲೇ ಕಥೆಗಾರನು ಪಾಂಡಿತ್ಯದಿಂದಲ್ಲ, ಕಳೆದುಕೊಂಡದ್ದರ ಅರಿವಿನಿಂದ ಮಾತಾಡುತ್ತಿದ್ದಾನೆಂದು ಹೊಳೆಯುತ್ತದೆ.

ನನ್ನ ತಕರಾರು ಒಂದುಂಟು. ಗ್ರಂಥದ ಭಾಷೆ ಇಂಗ್ಲಿಷ್, ಹೆಸರುಗಳು ಮಾತ್ರ ಕ್ರೀ. ಕೃತ್ತಿಕೆಯನ್ನು 'ಪಾಕೋನೆ ಕೀಸಿಕ್', ಆಕಾಶದ ರಂಧ್ರ, ಎನ್ನುತ್ತಾರೆ. ಮನುಷ್ಯರು ಜೇಡಜ್ಜಿಯ ನೂಲು ಹಿಡಿದು ಆ ರಂಧ್ರದಿಂದಲೇ ಭೂಮಿಗೆ ಇಳಿದರಂತೆ. ಹೆಸರೊಂದರಲ್ಲೇ ಇಡೀ ಪುರಾಣ ಅಡಗಿದೆ. ಅದರ ಪಕ್ಕದ ಇಂಗ್ಲಿಷ್ ವಾಕ್ಯ ಹಲವೆಡೆ ಬರಿಯ ವಿವರಣೆಯಾಗಿ ನಿಲ್ಲುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಓದುಗರಿಗೆ ಈ ತೊಡಕು ಹೊಸತಲ್ಲ. ಆದರೂ ಹೆಸರುಗಳನ್ನು ಭಾಷಾಂತರಕ್ಕೆ ಬಿಟ್ಟುಕೊಡದ ಹಟವನ್ನು ಮೆಚ್ಚಲೇಬೇಕು.

ಅಚ್ಚಿನ ಪುಟದಲ್ಲಿ ಕರಡಿ ನಿಂತಲ್ಲೇ ನಿಂತಿದೆ. ಬಕ್ ಗಾಳಿ ತುಂಬಿ ಉಬ್ಬಿಸುವ ತಾರಾಲಯವೊಂದನ್ನು ಶಾಲೆಯಿಂದ ಶಾಲೆಗೆ ಒಯ್ದವರು. ಆ ಕತ್ತಲ ಗುಮ್ಮಟದೊಳಗೆ ಆಕಾಶ ತಿರುಗುತ್ತದೆ, ಕರಡಿ ಓಡುತ್ತದೆ, ಹಕ್ಕಿಗಳು ಬೆನ್ನಟ್ಟುತ್ತವೆ.