ಒಲೆಯ ಫ್ಯಾನಿಗೆ ಸಲ್ಲಬೇಕಾದದ್ದು

ಬೆಂಕಿಯಿಂದ ಮೊಬೈಲ್ ಚಾರ್ಜ್ ಮಾಡುವ ಒಲೆಯ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದಾಗಿ ಬೆಳೆದುಬಿಟ್ಟಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬಯೋಲೈಟ್ ಕಂಪನಿ 2012ರಲ್ಲಿ ತನ್ನ ಕ್ಯಾಂಪ್‌ಸ್ಟೋವನ್ನು ಮಾರುಕಟ್ಟೆಗೆ ತಂದಾಗಿನಿಂದ ಅದನ್ನು ಹೊಗಳಿದವರೆಲ್ಲ ತೋರಿಸಿದ್ದು ಒಂದೇ ಚಿತ್ರ. ಕಾಡು, ಟೆಂಟು, ಹಿಡಿಯಷ್ಟು ಪುಳ್ಳೆ, ಒಲೆಯ ಮಗ್ಗುಲಿನ ಕಿತ್ತಳೆ ಡಬ್ಬಿಗೆ ಸಿಕ್ಕಿಸಿದ ಫೋನು. ಚಿತ್ರ ಚೆಂದವಾಗಿದೆ. ಆ ಫೋನು ಎಷ್ಟು ಹೊತ್ತು ಅಲ್ಲೇ ಕೂತಿರಬೇಕೆಂಬುದು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ.

ಅಥಣಿ ತಾಲೂಕಿನ ಸತ್ತಿಯಂಥ ಊರಿಗೆ ಕ್ಯಾಂಪಿಂಗ್ ಹೊಸದಲ್ಲ, ಅದಕ್ಕೆ ಆ ಹೆಸರಿಲ್ಲ ಅಷ್ಟೇ. ಕಬ್ಬಿನ ಹಂಗಾಮು ಶುರುವಾದರೆ ಬೀಡ ಕಡೆಯ, ವಿಜಯಪುರ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ತಾಡಪತ್ರಿ ಗುಡಿಸಲು ಹೂಡುತ್ತವೆ. ನಾಲ್ಕೈದು ತಿಂಗಳು ಮೂರು ಕಲ್ಲಿನ ಒಲೆ, ನಸುಕಿನಲ್ಲೇ ರೊಟ್ಟಿ. ಹಿಂಡಿನ ಬೆನ್ನು ಹತ್ತಿ ಹೊಲದಿಂದ ಹೊಲಕ್ಕೆ ಸಾಗುವ ಕುರುಬರಿದ್ದಾರೆ. ಭಾರತ ಹುಣ್ಣಿಮೆಯ ಸುಮಾರಿಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗಿ ಬಯಲಲ್ಲೇ ಅಡುಗೆ ಮಾಡುವವರಿದ್ದಾರೆ. ಇವರೆಲ್ಲರ ಹತ್ತಿರ ಬೆಂಕಿಯೂ ಇದೆ, ಮೊಬೈಲೂ ಇದೆ. ಚಾರ್ಜಿಗೆ ಮಾತ್ರ ಟ್ರ್ಯಾಕ್ಟರಿನ ಬ್ಯಾಟರಿ, ಪಂಪ್‌ಸೆಟ್ಟಿನ ಶೆಡ್ಡು, ಅಂಗಡಿಯ ಪ್ಲಗ್ಗು, ಪವರ್ ಬ್ಯಾಂಕು, ಅಂಗೈಯಗಲದ ಸೋಲಾರ್ ಫಲಕ. ಒಲೆಗೆ ವೈರು ಸಿಕ್ಕಿಸಿದವರನ್ನು ನಾನಂತೂ ಕಂಡಿಲ್ಲ. ಅದನ್ನು ಬಡತನವೆಂದೋ ಅಜ್ಞಾನವೆಂದೋ ಬರೆದುಕೊಳ್ಳುವವರು ಮುಂದಿನ ಲೆಕ್ಕವನ್ನು ನೋಡಲಿ.

ತತ್ತ್ವದ ತಕರಾರು ನನಗಿಲ್ಲ. ಕಾವಿನ ಅಂತರದಿಂದ ಕರೆಂಟು ಹುಟ್ಟುತ್ತದೆಂದು 1821ರಲ್ಲಿ ವಿಜ್ಞಾನಿ ಸೀಬೆಕ್ ಕಂಡದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಪ್ಲುಟೋನಿಯಂ ಕಾವಿನಿಂದ ಇದೇ ರೀತಿ ಕರೆಂಟು ತೆಗೆಯುತ್ತ ಸೌರಮಾರುತದ ಎಲ್ಲೆ ದಾಟಿ ಹೋಗಿವೆ. ನನ್ನ ತಕರಾರು ಬಯೋಲೈಟ್ ತನ್ನ ಮೊದಲ ಮಾದರಿಯ ಬಗ್ಗೆ ಹೇಳಿಕೊಂಡ ಒಂದು ಮಾತಿನ ಬಗ್ಗೆ: ಇಪ್ಪತ್ತು ನಿಮಿಷ ಬೆಂಕಿ ಉರಿಸಿದರೆ ಐಫೋನಿನಲ್ಲಿ ಒಂದು ತಾಸು ಮಾತಾಡಬಹುದು. ಹೊಗಳಿದವರೆಲ್ಲ ಇದನ್ನೇ ಹಿಂದೆಮುಂದೆ ನೋಡದೆ ಒಪ್ಪಿಸಿದ್ದಾರೆ.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಲೆಯಿಂದ ಹೊರಗೆ ಸಿಗುವುದು 2 ವ್ಯಾಟ್. ಇಪ್ಪತ್ತು ನಿಮಿಷಕ್ಕೆ ಅದು 0.67 ವ್ಯಾಟ್-ಅವರ್ ಆಯಿತು. ಆಗಿನ ಐಫೋನ್ 4ಎಸ್‌ನ ಬ್ಯಾಟರಿ 5.3 ವ್ಯಾಟ್-ಅವರ್, ಅದರ ಎಂಟನೆಯ ಒಂದು ಪಾಲು ತುಂಬಿತು, ಒಂದು ತಾಸು ಮಾತು ನಡೆಯಿತು. ಸುಳ್ಳಿಲ್ಲ. ಆದರೆ ಅಳತೆಯ ಆಯ್ಕೆ ನೋಡಿ! ಬ್ಯಾಟರಿಯ ಎಂಟನೆಯ ಒಂದು ಪಾಲು ಎಂದಿದ್ದರೆ ಯಾರ ಹುಬ್ಬೂ ಏರುತ್ತಿರಲಿಲ್ಲ, ಒಂದು ತಾಸಿನ ಮಾತು ಎಂದದ್ದಕ್ಕೆ ಏರಿತು. ಈಗ ಗ್ಯಾಂಗಿನ ಹುಡುಗನ ಕಿಸೆಯಲ್ಲಿರುವ ಫೋನಿನ ಬ್ಯಾಟರಿ 5000 ಎಂಎಎಚ್, ಅಂದರೆ ಹೆಚ್ಚುಕಡಿಮೆ 19 ವ್ಯಾಟ್-ಅವರ್. ಅದೇ ಇಪ್ಪತ್ತು ನಿಮಿಷಕ್ಕೆ ಅದರಲ್ಲಿ ತುಂಬುವುದು ನೂರಕ್ಕೆ ಮೂರೂವರೆ. ಪೂರ್ತಿ ತುಂಬಬೇಕಾದರೆ ನಡುವಿನ ಸೋರಿಕೆಯನ್ನು ಬಿಟ್ಟರೂ ಒಂಬತ್ತೂವರೆ ತಾಸಿನ ಬೆಂಕಿ. ಅದೂ ಎಂಥ ಬೆಂಕಿ? ಬೆರಳು ಗಾತ್ರದ ಒಣ ಪುಳ್ಳೆಯನ್ನು ನಿಮಿಷ ನಿಮಿಷಕ್ಕೆ ಹಾಕುತ್ತಲೇ ಇರಬೇಕಾದ ಬೆಂಕಿ. ಹಗಲೆಲ್ಲ ಕಬ್ಬು ಕಡಿದು ಬಂದವಳಿಗೆ ಈ ಕೆಲಸ ಹೇಳಿ ನೋಡಿ, ಉತ್ತರ ನಿಮಗೇ ಸಿಗುತ್ತದೆ.

ಇಲ್ಲಿ ಇನ್ನೊಂದು ಬಣದ ವಿಮರ್ಶಕರೊಡನೆಯೂ ಜಗಳವಾಡಬೇಕಾಗಿದೆ. ಇವರು ಈ ಒಲೆಯನ್ನು ತಳ್ಳಿಹಾಕುವವರು, ನನ್ನ ಪಕ್ಷದವರಂತೆ ಕಾಣುವವರು. ಒಲೆಯಲ್ಲಿ ಕರೆಂಟು ಹುಟ್ಟಿಸುವ ಬಿಸ್ಮತ್ ಟೆಲ್ಯುರೈಡಿನ ಬಿಲ್ಲೆ ತನ್ನ ಮೂಲಕ ಹಾಯುವ ಕಾವಿನ ನೂರರಲ್ಲಿ ಐದು ಪಾಲನ್ನಷ್ಟೇ ಕರೆಂಟು ಮಾಡುತ್ತದೆ, ಉಗಾರದ ಸಕ್ಕರೆ ಕಾರ್ಖಾನೆಯಂಥಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ತಿರುಗಿಸುವ ಟರ್ಬೈನು ಇದರ ಹಲವು ಪಟ್ಟು ಮಾಡುತ್ತದೆ, ಆದ್ದರಿಂದ ಇದು ಆಟಿಕೆ ಎಂಬುದು ಇವರ ವಾದ. ತೀರ್ಪು ಸರಿಯಿದೆ, ಕಾರಣ ತಪ್ಪಿದೆ. ಒಲೆ ಹೊತ್ತಿಸಿದ್ದು ಅಡುಗೆಗೆ. ಉಳಿದ ತೊಂಬತ್ತೈದು ಪಾಲು ಎಲ್ಲಿ ಹೋಯಿತೆಂದು ಅಲ್ಲಿ ಕೇಳಲಾಗದು. ಅದು ಬೋಗುಣಿಗೂ ಹೋಗುತ್ತದೆ, ಒಲೆಗೆ ನುಗ್ಗುವ ಗಾಳಿಯನ್ನು ಬಿಸಿ ಮಾಡಲಿಕ್ಕೂ ಹೋಗುತ್ತದೆ. ಹೇಗಿದ್ದರೂ ಉರಿಯಲಿರುವ ಬೆಂಕಿಯಿಂದ ಆ ಐದು ಪಾಲು ಸಿಕ್ಕರೆ ಅದು ಲಾಭವೇ. ಶೇಕಡಾವಾರು ದಕ್ಷತೆಯನ್ನು ಎಲ್ಲಕ್ಕೂ ಒಂದೇ ಗಜಕೋಲು ಮಾಡಿಕೊಂಡ ಈ ವಿಮರ್ಶೆ ಒಲೆಯ ಮುಂದೆ ಒಮ್ಮೆಯೂ ಕೂತಂತಿಲ್ಲ. ಕೂತಿದ್ದರೆ ದಕ್ಷತೆಯಲ್ಲ, ಹೊತ್ತು ಇಲ್ಲಿಯ ತೊಡಕೆಂದು ತಿಳಿಯುತ್ತಿತ್ತು. ಅಡುಗೆ ಒಂದೂವರೆ ತಾಸಿಗೆ ಮುಗಿಯುತ್ತದೆ, ಬ್ಯಾಟರಿ ಹತ್ತು ತಾಸು ಕೇಳುತ್ತದೆ. ಅಡುಗೆ ಮುಗಿದ ಮೇಲೂ ಚಾರ್ಜಿಗಾಗಿ ಕಟ್ಟಿಗೆ ಹಾಕಲು ಶುರುಮಾಡಿದಿರೋ, ಆ ಕ್ಷಣದಿಂದ ಬಿಟ್ಟಿ ಕಾವಿನ ಮಾತು ಮುಗಿಯಿತು.

ಹೊತ್ತು ಹೊಂದಿದ ಕಡೆ ಇದೇ ತಂತ್ರ ಗೆದ್ದಿದೆ. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟ ಕರೆಂಟಿಲ್ಲದ ಹಳ್ಳಿಗಳಿಗೆಂದು ಟಿಜಿಕೆ-3 ಎಂಬ ಸಾಧನ ತಯಾರಿಸಿತು: ಸೀಮೆಎಣ್ಣೆ ಲಾಂದ್ರದ ಚಿಮಣಿಯ ಸುತ್ತ ಉಷ್ಣವಿದ್ಯುತ್ ಜೋಡಿಗಳು, ಹೊರಗೆ ಲೋಹದ ರೆಕ್ಕೆಗಳು, ಅಲ್ಲಿಂದ ಒಂದು ವಾಲ್ವ್ ರೇಡಿಯೋಗೆ ತಂತಿ. ಇದು ಬಯೋಲೈಟಿನ ಅಜ್ಜ, ಮೊಮ್ಮಗನಿಗಿಂತ ಜಾಣ. ಲಾಂದ್ರ ರಾತ್ರಿ ಊಟದ ತನಕ, ಆಮೇಲೂ, ಒಂದೇ ಹದದಲ್ಲಿ ಉರಿಯುತ್ತಿತ್ತು. ಮನೆಯವರು ರೇಡಿಯೋ ಕೇಳುವುದೂ ಅದೇ ಹೊತ್ತಿನಲ್ಲಿ. ಕೂಡಿಟ್ಟುಕೊಳ್ಳುವ ಪ್ರಶ್ನೆಯೇ ಇರಲಿಲ್ಲ, ಪುಳ್ಳೆ ಹಾಕುವವರೂ ಬೇಕಿರಲಿಲ್ಲ. ನಮ್ಮ ಕಡೆ ಅಷ್ಟು ಹೊತ್ತು ಒಂದೇ ಸಮನೆ ಉರಿಯುವುದು ಬೆಲ್ಲದ ಗಾಣದ ಕುಲುಮೆ. ಅಲ್ಲಿ ಕಬ್ಬು ಅರೆಯಲು ಮೋಟಾರೋ ಎಂಜಿನ್ನೋ ಮೊದಲೇ ಕೂತಿರುತ್ತದೆ, ಬಿಲ್ಲೆಗೆ ಕೆಲಸವಿಲ್ಲ.

ಪಾತ್ರೆಯ ತಳಕ್ಕೇ ಬಿಲ್ಲೆ ಕೂಡಿಸಿದ ಪವರ್‌ಪಾಟ್ ಎಂಬುದೂ 2012ರಲ್ಲೇ ಅಮೆರಿಕದ ಯೂಟಾದಿಂದ ಬಂತು. ಇದರ ವಿನ್ಯಾಸ ಮೊದಲ ನೋಟಕ್ಕೆ ಇನ್ನೂ ನಾಜೂಕು: ಬಯೋಲೈಟಿನಂತೆ ಫ್ಯಾನಿಲ್ಲ, ಪಾತ್ರೆಯ ನೀರೇ ತಂಪು ಬದಿ. ಆದರೆ ಅದರೊಳಗೊಂದು ಪೇಚಿದೆ. ಕರೆಂಟು ಹುಟ್ಟುವುದು ಎರಡು ಬದಿಗಳ ಕಾವಿನ ಅಂತರದಿಂದ, ಅಂತರ ಅರ್ಧವಾದರೆ ಶಕ್ತಿ ಕಾಲಾಗುತ್ತದೆ. ನೀರು 30 ಡಿಗ್ರಿ ಇದ್ದಾಗ ಅಂತರ ಹೆಚ್ಚು. ಕುದಿಯತೊಡಗಿದರೆ ತಂಪು ಬದಿಯೇ 100ಕ್ಕೆ ಬಂದು ನಿಲ್ಲುತ್ತದೆ. ಆಗ ಉರಿ ಇಳಿಸಿದರೆ ಚಾರ್ಜು ಬೀಳುತ್ತದೆ. ಉರಿ ಹಾಗೇ ಇಟ್ಟರೆ ಬಿಸಿ ಬದಿಯೂ ಅಷ್ಟೇ ಮೇಲೇರಿ, ಬಿಲ್ಲೆಯ ಬೆಸುಗೆ ತಾಳುವ ಮಿತಿಯ ಕಡೆ ಹೊರಡುತ್ತದೆ. ನೀರು ಬತ್ತಿದರೆ ಕತೆ ಮುಗಿದೇ ಹೋಯಿತು. ಅಂಬಲಿಯನ್ನೋ ಬೇಳೆಯನ್ನೋ ಇದರಲ್ಲಿ ಇಟ್ಟು ಮರೆಯುವಂತಿಲ್ಲ. ತಳ ಹಿಡಿದರೆ ಹೋಗುವುದು ಬೇಳೆಯೊಂದೇ ಅಲ್ಲ.

ಬಿಸಿಲಿಲ್ಲದಾಗ ಏನು ಮಾಡುತ್ತೀರಿ ಎಂಬುದು ಅಭಿಮಾನಿಗಳ ಕೊನೆಯ ಅಸ್ತ್ರ. ಬಿಸಿಲಿದ್ದಾಗ ಸ್ಪರ್ಧೆಯೇ ಇಲ್ಲವೆಂದು ಅವರೂ ಒಪ್ಪುತ್ತಾರೆ. ಅಥಣಿಯ ಚಳಿಗಾಲದ ಬಿಸಿಲಿಗೆ 10 ವ್ಯಾಟಿನ ಫಲಕವೊಂದು ದಿನಕ್ಕೆ 40 ವ್ಯಾಟ್-ಅವರ್ ಕೊಡುತ್ತದೆ, ಒಲೆಯ ಇಪ್ಪತ್ತು ತಾಸಿನ ದುಡಿಮೆ. ಬಿಸಿಲಿಲ್ಲದ ದಿನಗಳೆಂದರೆ ಈ ದಂಡೆಯಲ್ಲಿ ಎಲ್ಲರಿಗೂ ನೆನಪಾಗುವುದು 2019ರ ಆಗಸ್ಟ್: ಮೇಲೆ ಬಿಡದ ಮಳೆ, ಕೃಷ್ಣೆಯ ನೀರು ಊರೊಳಗೆ, ಕರೆಂಟಿಲ್ಲ. ಕಾಡಿನ ಟೆಂಟಿಗಿಂತ ಇಲ್ಲಿ ಚಾರ್ಜಿನ ಬೆಲೆ ನೂರುಪಟ್ಟು ಹೆಚ್ಚು. ಆದರೆ ಒಲೆ ಆಗ ಕೇಳುವುದೂ ಒಣ ಕಟ್ಟಿಗೆಯನ್ನೇ. ಕಟ್ಟಿಗೆಯ ಬಣವೆ, ಕುಳ್ಳಿನ ಗೂಡು ಎಲ್ಲ ನೀರಲ್ಲಿ ನಿಂತಿರುವಾಗ ಅದನ್ನು ಎಲ್ಲಿಂದ ತರುವುದು? ಕರೆಂಟು ಹೆಚ್ಚು ದಿನ ಹೋದರೆ ಟವರಿನ ಬ್ಯಾಟರಿಯೂ ಇಳಿಯುತ್ತದೆ, ಆಮೇಲೆ ತುಂಬಿದ ಫೋನೂ ಬರೀ ಟಾರ್ಚು. ಆ ದಿನಗಳಿಗೆ ಬೇಕಾದದ್ದು ಮೊದಲೇ ತುಂಬಿಟ್ಟ ಪವರ್ ಬ್ಯಾಂಕು. 10000 ಎಂಎಎಚ್‌ನದು 37 ವ್ಯಾಟ್-ಅವರ್ ಹಿಡಿಯುತ್ತದೆ, ತೂಕ ಕಾಲು ಕಿಲೋ ಆಚೀಚೆ. ಒಲೆಯ ತೂಕ ಒಂದು ಕಿಲೋಗೆ ಸ್ವಲ್ಪವೇ ಕಡಿಮೆ. ಬಯೋಲೈಟಿಗೂ ಇದು ಹೊಳೆದಂತಿದೆ. 2017ರ ಎರಡನೆಯ ಮಾದರಿಯ ಡಬ್ಬಿಯೊಳಗೆ ಅವರೇ 2600 ಎಂಎಎಚ್ ಬ್ಯಾಟರಿ ಇಟ್ಟರು. ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಯಾವ ವಿಮರ್ಶಕನಿಂದಲೂ ಹೊರಡಿಸಲಾಗದು.

ಹಾಗಾದರೆ ಒಲೆಯನ್ನು ಎಸೆಯಬೇಕೇ? ಇಲ್ಲ. ಹೊಗಳುವವರೂ ತೆಗಳುವವರೂ ಚಾರ್ಜಿಂಗ್ ಕಿಂಡಿಯನ್ನೇ ನೋಡುತ್ತ ಫ್ಯಾನನ್ನು ಮರೆತಿದ್ದಾರೆ. ಜೊನಾಥನ್ ಸೀಡರ್ ಮತ್ತು ಅಲೆಕ್ ಡ್ರಮಂಡ್ 2006ರಲ್ಲಿ ಇದಕ್ಕೆ ಕೈಹಾಕಿದಾಗ ಹೊರಗಿನ ಬ್ಯಾಟರಿ ಬೇಡದೆ ಕಟ್ಟಿಗೆಯನ್ನು ಚೊಕ್ಕವಾಗಿ ಉರಿಸುವ ಒಲೆ ಅವರ ತಲೆಯಲ್ಲಿತ್ತು. ಬಿಲ್ಲೆಯ ಕರೆಂಟಿನ ಮೊದಲ ಹಕ್ಕುದಾರ ಇಂದಿಗೂ ಫ್ಯಾನೇ. ಅದರ ಪಾಲು ತೀರಿ ಉಳಿದದ್ದು ಫೋನಿಗೆ. ಫ್ಯಾನು ಗಾಳಿ ಊದುತ್ತದೆ, ಹೊಗೆಯಾಗಿ ಹೋಗಬೇಕಾದದ್ದು ಒಳಗೇ ಉರಿದುಹೋಗುತ್ತದೆ, ಕಾವು ಹೆಚ್ಚುತ್ತದೆ, ಆ ಕಾವೇ ಮತ್ತೆ ಫ್ಯಾನನ್ನು ತಿರುಗಿಸುತ್ತದೆ. ಇಲ್ಲಿ ಕೂಡಿಡುವ ಗೋಜಿಲ್ಲ, ಹೊತ್ತಿನ ಜಗಳವಿಲ್ಲ. ಬೆಂಕಿ ಇರುವಷ್ಟು ಹೊತ್ತೇ ಫ್ಯಾನು ಬೇಕು, ಅಷ್ಟೇ ಹೊತ್ತು ಅದು ತಿರುಗುತ್ತದೆ. ಲಾಂದ್ರ ಮತ್ತು ರೇಡಿಯೋ ಕೂಡಿದ ಹಾಗೆಯೇ ಇವೂ ಕೂಡುತ್ತವೆ.

ಇದರ ಬೆಲೆ ಕರ್ನಾಟಕದಲ್ಲಿ ಕೂತವರಿಗೆ ಬೇಗ ತಿಳಿಯಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಒಲೆಯಿಂದ ಹಿಡಿದು ಒಲೆ ಸುಧಾರಣೆಯ ಉದ್ದದ ಇತಿಹಾಸವೇ ನಮ್ಮಲ್ಲಿದೆ. ಅದೇ ಸಂಸ್ಥೆ ಬಿಪಿ ಕಂಪನಿಯೊಡನೆ ರೂಪಿಸಿದ, 2006ರಲ್ಲಿ ಹೊರಬಂದ ‘ಊರ್ಜಾ’ ಫ್ಯಾನ್ ಒಲೆಯೇ. ಸುಮಾರು 4 ಲಕ್ಷ ಮನೆಗಳನ್ನು ಮುಟ್ಟಿತು; ಅದು ಬೇಡುತ್ತಿದ್ದ ಗುಳಿಗೆ ಇಂಧನದ ಬೆಲೆ ಏರಿ ಮೂಲೆ ಸೇರಿತು. ಅದರ ಫ್ಯಾನಿಗೆ ಗೋಡೆಯ ಪ್ಲಗ್ಗಿನಿಂದ ತುಂಬಿಸಬೇಕಾದ ಬ್ಯಾಟರಿ ಬೇಕಿತ್ತು. ಉಷ್ಣವಿದ್ಯುತ್ ಬಿಲ್ಲೆ ನೀಗಿಸುವುದು ಈ ಪ್ಲಗ್ಗಿನ ಹಂಗನ್ನು. ತಾಡಪತ್ರಿಯ ಕೆಳಗೆ ಹೊಗೆ ಕುಡಿಯುತ್ತ ರೊಟ್ಟಿ ಬಡಿಯುವವಳಿಗೆ ಇದು ಫೋನಿನ ನೂರಕ್ಕೆ ಮೂರೂವರೆಗಿಂತ ದೊಡ್ಡ ಸಂಗತಿ.

ಕ್ಯಾಂಪ್‌ಸ್ಟೋವ್ ಅವಳಿಗೂ ಒದಗುವುದಿಲ್ಲ, ಅದು ಬೇರೆ ಮಾತು. ಅದರ ಬಾಯಿ ಸಣ್ಣದು, ರೊಟ್ಟಿಯ ಹಂಚು ಅಗಲ. ಇಲ್ಲಿಯ ಉರುವಲು ಉದ್ದನೆಯ ತೊಗರಿ ಕಟ್ಟಿಗೆ, ಜಾಲಿ, ಭಗ್ಗನೆ ಹತ್ತಿ ಆರುವ ಕಬ್ಬಿನ ರವದಿ. ಪಕ್ಕದಿಂದ ಕಟ್ಟಿಗೆ ಒಡ್ಡುವ ಹೋಮ್‌ಸ್ಟೋವ್ ಎಂಬ ಮನೆ ಒಲೆಯನ್ನೂ ಇದೇ ಕಂಪನಿ ಭಾರತಕ್ಕೆ, ಆಫ್ರಿಕಕ್ಕೆ ಎಂದು ಮಾಡಿದೆ. ಅದರ ಬಗ್ಗೆ ಬರೆದವರೂ ಮೊದಲು ಹೇಳುವುದು ಎಷ್ಟು ವ್ಯಾಟ್ ಚಾರ್ಜು ಎಂಬುದನ್ನೇ. ಜೋಳದ ರೊಟ್ಟಿ ಬೇಯಿಸಿ ನೋಡಿ ಬರೆದ ಒಂದು ವಿಮರ್ಶೆಯೂ ಈತನಕ ನನ್ನ ಕಣ್ಣಿಗೆ ಬಿದ್ದಿಲ್ಲ.